ಸಿಂಧೂ ಮುದ್ರೆಯ ಒಂಟಿಕೊಂಬಿನ ಪ್ರಾಣಿ ಯಾವುದು? ಆ ಮುದ್ರೆಯ ಕೆಲಸವಾದರೂ ಏನು?

ತುಂಗೆದಡ
ಎಲ್ಲರಿಗೂ ನಮಸ್ಕಾರ. ಮಗಳ ಆರನೇ ಕ್ಲಾಸಿನ ಪುಸ್ತಕದಲ್ಲಿ ಮೊಹೆಂಜೊದಾರೊ ಮುದ್ರೆಯ ಚಿತ್ರ ಇದೆ. ಚೌಕದ ಕಲ್ಲು, ಒಂದೇ ಕೊಂಬಿನ ಪ್ರಾಣಿ, ಅದರ ಕೊರಳ ಕೆಳಗೆ ಕಂಬದಂಥ ಏನೋ ಒಂದು, ಮೇಲೆ ನಾಲ್ಕೈದು ಅಕ್ಷರ. "ಅಪ್ಪಾ, ಇದು ಕುದುರೆನಾ ಎತ್ತಾ?" ಅಂತ ಕೇಳಿದಳು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಒಬ್ಬರು ಅಶ್ವಮೇಧದ ಕುದುರೆ ಅಂದರು. ಇನ್ನೊಬ್ಬರು ತಲೆಯ ಮೇಲೆ ಕೊಂಬಿದ್ದ ಋಷ್ಯಶೃಂಗ ಮುನಿಯ ಗುರುತು, ಹಾಗಾಗಿ ಅವನ ದೇವಸ್ಥಾನ ಇರುವ ಶೃಂಗೇರಿ ಹತ್ತಿರದ ಕಿಗ್ಗಕ್ಕೂ ಹರಪ್ಪಕ್ಕೂ ನಂಟಿದೆ ಅಂದರು. ಮೂರನೆಯವರು ಗುಡ್ ಮಾರ್ನಿಂಗ್ ಹೂವು ಕಳಿಸಿದರು. ಇಲ್ಲಿ ತಿಳಿದವರಿದ್ದೀರಿ. ಅದು ಯಾವ ಪ್ರಾಣಿ? ಇದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರಾ, ಇಲ್ಲಾ ಎಲ್ಲಾದರೂ ಒತ್ತುತ್ತಿದ್ದರಾ?

ಹಳೇ ಮೇಷ್ಟ್ರು
ಮಗಳ ಪ್ರಶ್ನೆ ಹೊಸದೇನಲ್ಲ. ಮೊದಲ ಮುದ್ರೆ ಕೈಗೆ ಬಂದ ದಿನದಿಂದ ಇದೇ ಜಗಳ ನಡೆದಿದೆ. ಭಾರತದ ಪುರಾತತ್ವ ಇಲಾಖೆಯ ಮೊದಲ ಮುಖ್ಯಸ್ಥ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1875ರಲ್ಲಿ ಹರಪ್ಪದ ಒಂದು ಮುದ್ರೆಯ ಚಿತ್ರ ಅಚ್ಚು ಹಾಕಿಸಿದರು. ಅದರಲ್ಲಿದ್ದ ಪ್ರಾಣಿಗೆ ಭುಜದ ಮೇಲೆ ಡುಬ್ಬ ಇರಲಿಲ್ಲ. ನಮ್ಮ ದೇಶದ ಎತ್ತಿಗೆ ಡುಬ್ಬ ಇರುತ್ತದೆ, ಆದ್ದರಿಂದ ಈ ಮುದ್ರೆ ಹೊರದೇಶದ್ದು ಅಂತ ತೀರ್ಮಾನ ಮಾಡಿಬಿಟ್ಟರು! ಅಷ್ಟು ಹೊತ್ತಿಗೆ ಹರಪ್ಪದ ಇಟ್ಟಿಗೆಗಳನ್ನು ಲಾಹೋರ್–ಮುಲ್ತಾನ್ ರೈಲು ದಾರಿಗೆ ಹಾಸಿ ಆಗಿತ್ತು. ಮುಂದೆ ಸುಮಾರು ಐವತ್ತು ವರ್ಷ ಯಾರೂ ಅದರ ಗೋಜಿಗೆ ಹೋಗಲಿಲ್ಲ.

1921ರಲ್ಲಿ ದಯಾರಾಮ್ ಸಾಹ್ನಿ ಹರಪ್ಪದಲ್ಲಿ, 1922ರಲ್ಲಿ ರಾಖಾಲ್‌ದಾಸ್ ಬ್ಯಾನರ್ಜಿ ಮೊಹೆಂಜೊದಾರೊದಲ್ಲಿ ಅಗೆದರು. ಎರಡೂ ಕಡೆ ಒಂದೇ ತರಹದ ಮುದ್ರೆ ಸಿಕ್ಕಿತು. ನೂರಾರು ಮೈಲಿ ದೂರದ ಎರಡು ಊರು ಒಂದೇ ನಾಗರಿಕತೆಯವು ಅಂತ ಹೇಳಲು ಧೈರ್ಯ ಬಂದದ್ದರಲ್ಲಿ ಈ ಪುಟ್ಟ ಕಲ್ಲುಗಳ ಪಾಲು ದೊಡ್ಡದು. 1924ರ ಸೆಪ್ಟೆಂಬರ್ 20ರಂದು ಆಗಿನ ಪುರಾತತ್ವ ಇಲಾಖೆಯ ಮುಖ್ಯಸ್ಥ ಜಾನ್ ಮಾರ್ಷಲ್ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಗಳ ಸಮೇತ ಸುದ್ದಿ ಪ್ರಕಟಿಸಿದರು. ವಾರದೊಳಗೆ ಎ.ಎಚ್. ಸೇಸ್ ಎಂಬ ವಿದ್ವಾಂಸರು, ಇಂಥವೇ ಮುದ್ರೆಗಳು ಇರಾನಿನ ಸೂಸಾದಲ್ಲಿ ಸಿಕ್ಕಿವೆ ಅಂತ ಪತ್ರ ಬರೆದರು. ಸೂಸಾದ ಕಾಲ ಮೊದಲೇ ಗೊತ್ತಿದ್ದರಿಂದ ಈ ಮುದ್ರೆಗಳ ಕಾಲ ಸಿಕ್ಕಿದ್ದು ಆಗಲೇ. ಈಗಿನ ಲೆಕ್ಕದಲ್ಲಿ ಈ ಮುದ್ರೆಗಳು ಕ್ರಿ.ಪೂ. 2600ರಿಂದ 1900ರ ನಡುವಿನವು.

ಇನ್ನು ಪ್ರಾಣಿಯ ವಿಷಯ. ಸಿಕ್ಕಿದ ಮುದ್ರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂಟಿಕೊಂಬಿನದ್ದೇ. ಮೈ ಎತ್ತಿನದು, ಕುತ್ತಿಗೆ ಉದ್ದ, ಬಾಲದ ತುದಿಯಲ್ಲಿ ಕುಚ್ಚು, ಗೊರಸು ಸೀಳಿದೆ. ಅಲ್ಲಿಗೆ ಕುದುರೆಯ ಮಾತು ಮುಗಿಯಿತು.

ಬಯಲುಸೀಮೆ ಬಸವ
ಮೇಷ್ಟ್ರೇ, ಇಷ್ಟು ದೊಡ್ಡ ಗುಟ್ಟೇನೂ ಇಲ್ಲ ಅನಿಸುತ್ತೆ. ಪಕ್ಕದಿಂದ ನೋಡಿದರೆ ಯಾವ ಎತ್ತಿಗೂ ಒಂದೇ ಕೊಂಬು ಕಾಣುತ್ತೆ. ಎರಡನೆಯದು ಹಿಂದೆ ಮರೆಯಾಗಿರುತ್ತೆ. ಕೆತ್ತಿದವನು ಕಂಡಂತೆ ಕೆತ್ತಿದ, ನಾವು ಸುಮ್ನೆ ಪುರಾಣ ಹೆಣೆಯುತ್ತಿದ್ದೇವೆ.

ಹಳೇ ಮೇಷ್ಟ್ರು
ಬಸವಣ್ಣ, ಬಹಳ ಜನ ಹೀಗೇ ವಾದಿಸಿದ್ದಾರೆ. ಆದರೆ ಎರಡು ತೊಡಕಿವೆ. ಅದೇ ಕೈಗಳು ಡುಬ್ಬದ ಹೋರಿಯನ್ನೂ ಪಕ್ಕದಿಂದಲೇ ಕೆತ್ತಿವೆ. ಅಲ್ಲಿ ಎರಡು ಕೊಂಬನ್ನೂ ಚೆಂದವಾಗಿ ತೋರಿಸಿದ್ದಾರೆ. ಕೋಣಕ್ಕೂ ಹಾಗೇ. ಬೇಕಾದಾಗ ಎರಡು ಕೊಂಬು ಬಿಡಿಸಲು ಅವರಿಗೆ ಬರುತ್ತಿತ್ತು.

ಎರಡನೆಯದು ಇನ್ನೂ ಗಟ್ಟಿ ಸಾಕ್ಷಿ. ಹರಪ್ಪದಲ್ಲಿ ಮತ್ತು ಸಿಂಧ್‌ನಲ್ಲಿರುವ ಅದೇ ಕಾಲದ ಊರು ಚನ್ಹುದಾರೊದಲ್ಲಿ ಮಣ್ಣಿನಲ್ಲಿ ಮಾಡಿ ಸುಟ್ಟ ಪುಟ್ಟ ಗೊಂಬೆಗಳು ಸಿಕ್ಕಿವೆ. ಗೊಂಬೆಗೆ ಮುಂದೆ, ಹಿಂದೆ, ಎರಡೂ ಪಕ್ಕ ಇರುತ್ತದಲ್ಲ. ಅಲ್ಲೂ ಹಣೆಯಿಂದ ಒಂದೇ ಕೊಂಬು. ಅಂದರೆ ಅವರ ಮನಸ್ಸಿನಲ್ಲಿ ಇದ್ದದ್ದೇ ಒಂಟಿಕೊಂಬು. ಅಂಥ ಪ್ರಾಣಿ ಕಾಡಿನಲ್ಲಿ ಇರಲಿಲ್ಲ. ಕಟ್ಟಿಕೊಂಡ ಪ್ರಾಣಿ ಅದು.

ಋಷ್ಯಶೃಂಗನ ಕತೆಯನ್ನೂ ವಿದ್ವಾಂಸರು ಇದರ ಪಕ್ಕ ಇಟ್ಟು ನೋಡಿದ್ದುಂಟು. ಅದು ಊಹೆ. ಕಿಗ್ಗದವರೆಗೆ ಎಳೆಯಲು ಆಗುವುದಿಲ್ಲ. ನಡುವೆ ಸಾವಿರ ವರ್ಷಕ್ಕೂ ಮೀರಿದ ಖಾಲಿ ಜಾಗ ಇದೆ. ಕ್ರಿ.ಪೂ. 1900ರ ಆಸುಪಾಸಿನಲ್ಲಿ ಆ ನಗರಗಳು ಬರಿದಾಗುತ್ತಾ ಬಂದಾಗ ಮುದ್ರೆ, ಬರಹ, ಈ ಪ್ರಾಣಿ ಮೂರೂ ಒಟ್ಟಿಗೇ ಹೋದವು. ಹೋರಿ, ಆನೆ, ಹುಲಿ ನಮ್ಮ ಕಲೆಯಲ್ಲಿ ಮತ್ತೆ ಮತ್ತೆ ಬಂದವು. ಒಂಟಿಕೊಂಬಿನದು ಆ ರೂಪದಲ್ಲಿ ಬರಲೇ ಇಲ್ಲ.

ಚಾಣ ಮತ್ತು ಸುತ್ತಿಗೆ
ನಾನು ಕಲ್ಲು ಕೆತ್ತುವವನು, ಓದು ಕಮ್ಮಿ. ಒಂದೆರಡು ಮಾತು ಹೇಳಬಹುದು ಅನಿಸಿತು.

ಇದು ಬಳಪದ ಕಲ್ಲಿನ ಜಾತಿ. ಉಗುರಿನಲ್ಲೇ ಗೀಚಬಹುದು. ಬೇಲೂರು, ಹಳೇಬೀಡಿನ ಕಲ್ಲನ್ನೂ ನಾವು ಹಾಗೇ ಕರೆಯುತ್ತೇವೆ. ಆದರೆ ಅದು ಇದಕ್ಕಿಂತ ಸ್ವಲ್ಪ ಬೇರೆ, ಅಷ್ಟು ಮೆತ್ತಗಿರುವುದಿಲ್ಲ. ಹರಪ್ಪದವರು ಮೊದಲು ತೆಳು ಗರಗಸದಲ್ಲಿ ಕಲ್ಲನ್ನು ಚೌಕವಾಗಿ ಕೊಯ್ದರು. ಹಿಂದೆ ಒಂದು ಗುಬುಟು ಬಿಟ್ಟುಕೊಂಡು ಸುತ್ತಲಿನದನ್ನು ಕೆತ್ತಿ ತೆಗೆದರು. ಆ ಗುಬುಟಿಗೆ ಎರಡೂ ಕಡೆಯಿಂದ ಕೊರೆದು ದಾರ ಹೋಗುವ ತೂತು ಮಾಡಿದರು. ಆಮೇಲೆ ಮುಂಭಾಗದ ಕೆತ್ತನೆ. ಚನ್ಹುದಾರೊದಲ್ಲಿ 1935–36ರಲ್ಲಿ ಅಗೆದಾಗ ಅರ್ಧಕ್ಕೆ ನಿಂತ ಮುದ್ರೆಗಳೇ ಸಿಕ್ಕವು ಅಂತ ಓದಿದ್ದೇನೆ. ಕೆಲಸದ ಮನೆ ಅಂದರೆ ಅಲ್ಲಿ ಕೆಟ್ಟ ಮಾಲು ಇರಲೇಬೇಕು.

ಕೆತ್ತಿ ಆದ ಮೇಲೆ ಕ್ಷಾರದಂಥದ್ದು ಬಳಿದು ಸುಡುತ್ತಿದ್ದರು. ಇದೇ ದೊಡ್ಡ ಜಾಣತನ. ಬೆಂಕಿಯಲ್ಲಿ ಕಲ್ಲಿನೊಳಗಿನ ನೀರಿನಂಶ ಹೋಗಿ ಅದರ ಹರಳೇ ಬದಲಾಗುತ್ತದೆ. ಮೇಲೆ ಬಿಳಿ ಹೊಳಪು ಬರುತ್ತದೆ, ಕಲ್ಲು ಗಟ್ಟಿಯಾಗುತ್ತದೆ. ಮೆತ್ತಗಿರುವಾಗ ಕೆತ್ತು, ಆಮೇಲೆ ಗಟ್ಟಿ ಮಾಡು. ಗ್ರಾನೈಟ್ ಜೊತೆ ಗುದ್ದಾಡುವ ನನ್ನಂಥವರಿಗೆ ಹೊಟ್ಟೆಕಿಚ್ಚು ಆಗುವ ವಿಷಯ.

ಇನ್ನೊಂದು. ನಾವು ಮೂರ್ತಿ ಕೆತ್ತುವಾಗ ಬೇಡದ್ದನ್ನು ತೆಗೆಯುತ್ತೇವೆ, ಮೂರ್ತಿ ಉಳಿಯುತ್ತದೆ. ಇಲ್ಲಿ ಹೋರಿಯ ಹೊಟ್ಟೆಯನ್ನೇ ತೋಡಿ ತೆಗೆಯಬೇಕು. ಎಷ್ಟು ಆಳ ತೋಡುತ್ತೀಯೋ ಒತ್ತಿದಾಗ ಅಷ್ಟು ಉಬ್ಬು. ಗಂಗೆದೊಗಲಿನ ಮಡಿಕೆ ಒಂದೊಂದೂ ತಗ್ಗಿನಲ್ಲಿ ಬರಬೇಕು. ಬರಹ ಉಲ್ಟಾ. ಇಷ್ಟೆಲ್ಲಾ ಒಂದು ಇಂಚು ಚೌಕದಲ್ಲಿ. ಡುಬ್ಬದ ಹೋರಿಯ ಒಳ್ಳೆಯ ಮುದ್ರೆ ನೋಡಿದರೆ ಅದನ್ನು ಮಾಡಿದ ಕೈಗೆ ನಮಸ್ಕಾರ ಮಾಡಬೇಕು.

ತುಂಗೆದಡ
ಅಬ್ಬಾ, ಗುಬುಟಿನ ವಿಷಯ ಗೊತ್ತೇ ಇರಲಿಲ್ಲ. ಪುಸ್ತಕದಲ್ಲಿ ಮುಂಭಾಗ ಮಾತ್ರ ಇದೆ. ಹಾಗಾದರೆ ದಾರ ಪೋಣಿಸಿ ಕೊರಳಿಗೋ ಸೊಂಟಕ್ಕೋ ಕಟ್ಟಿಕೊಂಡಿದ್ದಾರೆ ಅಂತಾಯಿತು. ಬೇರೆ ಯಾವ ಪ್ರಾಣಿಗಳಿವೆ?

ಶಾಸನಪ್ರಿಯೆ
ಡುಬ್ಬದ ಹೋರಿ, ಗಿಡ್ಡ ಕೊಂಬಿನ ಎತ್ತು (ಕೆಲವರು ಕಾಟಿ ಅನ್ನುತ್ತಾರೆ), ಕೋಣ, ಆನೆ, ಖಡ್ಗಮೃಗ, ಹುಲಿ, ಮೇಕೆ, ಜಿಂಕೆ, ಉದ್ದ ಮೂತಿಯ ಮೊಸಳೆ. ಖಡ್ಗಮೃಗದ ಚರ್ಮದ ಗಂಟುಗಳನ್ನೂ ಬಿಟ್ಟಿಲ್ಲ. ಪ್ರಾಣಿಯನ್ನು ಹತ್ತಿರದಿಂದ ನೋಡಿದವರೇ ಅದನ್ನು ಕೆತ್ತಿದ್ದಾರೆ. ಈಗ ಆ ಸಿಂಧ್ ಕಡೆ ಖಡ್ಗಮೃಗ ಎಲ್ಲಿಂದ ಬರಬೇಕು! ಇವಲ್ಲದೆ ಮೂರು ತಲೆಯ ಪ್ರಾಣಿ, ಆನೆಯ ಸೊಂಡಿಲು, ಹುಲಿಯ ಹಿಂಭಾಗ ಸೇರಿಸಿ ಮಾಡಿದ ಕಲಬೆರಕೆ ಪ್ರಾಣಿಗಳೂ ಇವೆ.

ನನಗೆ ಕುತೂಹಲ ಇರುವುದು ಬಾನಿಯ ಬಗ್ಗೆ. ಗಿಡ್ಡ ಕೊಂಬಿನ ಎತ್ತು, ಹುಲಿ, ಖಡ್ಗಮೃಗದ ಮುಂದೆ ಮೇವು ಹಾಕುವ ಬಾನಿಯಂಥದ್ದು ಇರುತ್ತದೆ. ಹುಲಿಗೆ ಯಾರಪ್ಪ ಬಾನಿಯಲ್ಲಿ ಊಟ ಹಾಕುತ್ತಾರೆ? ಡುಬ್ಬದ ಹೋರಿಯ ಮುಂದೆ ಮಾತ್ರ ಅದು ಇರುವುದಿಲ್ಲ. ಸಾಕುಪ್ರಾಣಿ, ಕಾಡುಪ್ರಾಣಿ ಅನ್ನುವ ನಮ್ಮ ಲೆಕ್ಕ ಅವರದಲ್ಲ.

ಇಲ್ಲದವನ್ನೂ ನೋಡಿ. ಸಿಂಹ ಇದು ಅಂತ ಖಚಿತವಾಗಿ ತೋರಿಸುವ ಮುದ್ರೆ ಇಲ್ಲ. ಒಂಟೆ ಇಲ್ಲ. ಹಸು ಇಲ್ಲ, ಎಲ್ಲ ಗಂಡೇ. ಕುದುರೆಯೂ ಇಲ್ಲ. 2000ದಲ್ಲಿ "ಕುದುರೆ ಮುದ್ರೆ" ಅಂತ ದೊಡ್ಡ ಗಲಾಟೆ ಆಗಿತ್ತು, ಪತ್ರಿಕೆಗಳಲ್ಲೆಲ್ಲ ಬಂತು. ಮೂಲ ಚಿತ್ರ ತೆಗೆದು ನೋಡಿದರೆ ಅದು ಮುರಿದ ಒಂಟಿಕೊಂಬಿನ ಮುದ್ರೆ. ಮುಂದಿನ ಅರ್ಧ ಹೋಗಿ ಹಿಂಭಾಗ ಮಾತ್ರ ಉಳಿದಿತ್ತು. ತುಂಗೆದಡ ಅವರೇ, ನಿಮ್ಮ ವಾಟ್ಸಾಪ್ ಗುಂಪಿಗೆ ಬಂದದ್ದು ಅದರದೇ ಮರಿಮೊಮ್ಮಗು ಇರಬೇಕು.

ಮನಾಮದಿಂದ
ಮಾರಾಯ್ರೆ, ಇಲ್ಲಿ ಬಹರೈನಿನಲ್ಲಿ ಕೂತು ಈ ಚರ್ಚೆ ಓದುತ್ತಿದ್ದೇನೆ. ಬರೆಯದೆ ಇರಲು ಆಗಲಿಲ್ಲ. ನಮ್ಮ ಮಂಗಳೂರು, ಉಡುಪಿ ಕಡೆಯವರು ಇಲ್ಲಿ ಧಾರಾಳ ಇದ್ದೇವೆ. ರಜೆ ಬಂದರೆ ಮಾಲ್ ಸುತ್ತುವುದು ಬಿಟ್ಟರೆ ಬೇರೆ ಇಲ್ಲ. ಒಮ್ಮೆ ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂ ನೋಡಿ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಕಾರಣ ಈ ಮುದ್ರೆಗಳೇ.

ಇದು ಇರಾಕಿನ ಹಳೆಯ ಬರಹಗಳಲ್ಲಿ ಬರುವ ದಿಲ್ಮುನ್ ಎಂಬ ನಾಡು. ಇಲ್ಲಿನ ಮುದ್ರೆ ಚೌಕ ಅಲ್ಲ, ಗುಂಡಗೆ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಕಲ್ಲು ಅದೇ ಬಳಪದ್ದು. ಬೆನ್ನು ಉಬ್ಬಿರುತ್ತದೆ. ಅದರ ಮೇಲೆ ಮೂರು ಗೆರೆ, ನಾಲ್ಕು ಚುಕ್ಕಿವೃತ್ತ. ಮುಂದುಗಡೆ ಜಿಂಕೆ, ಹೋರಿ, ಚಂದ್ರ, ಖರ್ಜೂರದ ಗಿಡ. ಇಬ್ಬರು ಕೂತು ಒಂದೇ ಮಡಕೆಯಿಂದ ಕೊಳವೆ ಹಾಕಿ ಕುಡಿಯುವ ಚಿತ್ರವೂ ಉಂಟು, ಅದು ನನಗೆ ಭಾರಿ ಇಷ್ಟ. 1950ರ ದಶಕದಲ್ಲಿ ಡೆನ್ಮಾರ್ಕಿನ ಪಿ.ವಿ. ಗ್ಲೋಬ್, ಜೆಫ್ರಿ ಬಿಬ್ಬಿ ತಂಡ ಇಲ್ಲಿ ಅಗೆಯಿತು. ಕುವೈತಿನ ಫೈಲಕಾ ದ್ವೀಪ ಒಂದರಲ್ಲೇ 400ಕ್ಕೂ ಹೆಚ್ಚು ಇಂಥ ಮುದ್ರೆ ಸಿಕ್ಕಿವೆ.

ಮಜಾ ಇರುವುದು ಇದಕ್ಕೂ ಹಿಂದಿನ ಗುಂಡು ಮುದ್ರೆಗಳಲ್ಲಿ. ಆಕಾರ ಕೊಲ್ಲಿಯದ್ದು, ಒಳಗೆ ತಲೆ ತಗ್ಗಿಸಿದ ಗಿಡ್ಡ ಕೊಂಬಿನ ಎತ್ತು ಸಿಂಧೂ ಕಡೆಯದ್ದು, ಅಕ್ಷರವೂ ಅಲ್ಲಿಯದ್ದೇ. ಆದರೆ ಅಕ್ಷರ ಜೋಡಿಸಿದ ಕ್ರಮ ಮೊಹೆಂಜೊದಾರೊದಲ್ಲಿ ಕಾಣುವ ಹಾಗಿಲ್ಲವಂತೆ. ಅಂದರೆ ಇಲ್ಲಿಗೆ ಬಂದು ನೆಲೆಸಿದವರು ತಮ್ಮ ಲಿಪಿಯಲ್ಲಿ ಇಲ್ಲಿನ ಹೆಸರು ಬರೆದುಕೊಂಡಿರಬಹುದು. ಅರಬ್ಬಿ ಊರಿನಲ್ಲಿ ಅಂಗಡಿ ಬೋರ್ಡ್ ಹಾಕಿದ ನಮ್ಮವರಿಗೆ ಇದು ಬೇಗ ಅರ್ಥ ಆಗುತ್ತದೆ ನೋಡಿ. ತೂಕದ ಕಲ್ಲೂ ಸಿಂಧೂ ಅಳತೆಯದ್ದೇ ಇಲ್ಲಿ ನಡೆಯುತ್ತಿತ್ತು.

ಹಳೇ ಮೇಷ್ಟ್ರು
ಮನಾಮದವರು ಬಂದದ್ದು ಒಳ್ಳೆಯದಾಯಿತು. ಅಲ್ಲಿಯದೇ ಬಗೆಯ ಗುಂಡು ಮುದ್ರೆ ಗುಜರಾತಿನ ಲೋಥಲ್‌ನಲ್ಲಿ ಸಿಕ್ಕಿದೆ. ಅದನ್ನು 1963ರಲ್ಲಿ ಲೋಕಕ್ಕೆ ತಿಳಿಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. 1955ರಿಂದ ಲೋಥಲ್ ಅಗೆತ ನಡೆಸಿದವರು. ಆ ಮುದ್ರೆಯಲ್ಲಿ ಎರಡು ಜಿಂಕೆಯಂಥ ಪ್ರಾಣಿ, ನಡುವೆ ಎರಡು ತಲೆಯ ಸರ್ಪದಂಥ ಜೀವಿ. ಅಂದರೆ ವ್ಯಾಪಾರ ಎರಡೂ ದಿಕ್ಕಿಗೆ ಇತ್ತು. ಇರಾಕಿನ ಊರ್ ಕಡೆ ಸಿಕ್ಕ ಸಿಂಧೂ ಶೈಲಿಯ ಮುದ್ರೆಗಳ ಪಟ್ಟಿಯನ್ನು ಸಿ.ಜೆ. ಗ್ಯಾಡ್ ಎಂಬ ವಿದ್ವಾಂಸರು 1932ರಲ್ಲೇ ಮಾಡಿದ್ದರು. ಈಗಿನ ಇರಾಕಿನಲ್ಲಿದ್ದ ಅಕ್ಕಾಡಿನ ರಾಜ ಸಾರ್ಗಾನ್, "ಮೆಲುಹ್ಹಾ, ಮಗನ್ (ಈಗಿನ ಒಮಾನ್ ಕಡೆ), ದಿಲ್ಮುನ್ ಹಡಗುಗಳು ನನ್ನ ಕಟ್ಟೆಗೆ ಬರುತ್ತವೆ" ಅಂತ ಕೊಚ್ಚಿಕೊಂಡ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಒಂದು ಉರುಳೆ ಮುದ್ರೆ (ಮಣ್ಣಿನ ಮೇಲೆ ಉರುಳಿಸಿ ಒತ್ತುವಂಥದ್ದು) ಇದೆ. ಅದು ಮೆಲುಹ್ಹಾ ಭಾಷೆಯ ದುಭಾಷಿ ಶು-ಇಲಿಶು ಎಂಬಾತನದು. ಮೆಲುಹ್ಹಾ ಅಂದರೆ ಸಿಂಧೂ ನಾಡು ಅಂತ ಹೆಚ್ಚಿನವರು ಒಪ್ಪುತ್ತಾರೆ.

ತುಂಗೆದಡ ಅವರ ಎರಡನೇ ಪ್ರಶ್ನೆಗೆ ಉತ್ತರ ಲೋಥಲ್‌ನಲ್ಲೇ ಇದೆ. ಅಲ್ಲಿ ಎತ್ತರದ ಜಗಲಿಯ ಮೇಲೆ ಒಂದು ಉಗ್ರಾಣ ಇತ್ತು. ಅದಕ್ಕೆ ಬೆಂಕಿ ಬಿತ್ತು. ಸರಕು ಸುಟ್ಟುಹೋಯಿತು, ಆದರೆ ಮೂಟೆಗಳ ಮೇಲೆ ಒತ್ತಿದ್ದ ಹಸಿ ಮಣ್ಣಿನ ಬಿಲ್ಲೆಗಳು ಬೆಂದು ಇಟ್ಟಿಗೆಯಾದವು. ಅಂಥ ಸುಮಾರು 65 ಬಿಲ್ಲೆ ಸಿಕ್ಕಿವೆ. ಮುಂದೆ ಮುದ್ರೆಯ ಗುರುತು. ತಿರುಗಿಸಿ ನೋಡಿದರೆ ಹುರಿದ ಹಗ್ಗ, ಚಾಪೆ, ಜೊಂಡು, ನೇಯ್ದ ಬಟ್ಟೆ, ಇವುಗಳ ಅಚ್ಚು. ನಾವು ಹಿಂದೆ ಪಾರ್ಸೆಲ್ಲಿನ ದಾರದ ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದೆವಲ್ಲ, ಅದೇ ಕೆಲಸ. ಗಂಟು ಬಿಚ್ಚಬೇಕಾದರೆ ಮಣ್ಣು ಒಡೆಯಬೇಕು. ಒಡೆದರೆ ಗೊತ್ತಾಗುತ್ತದೆ. ಕೆಲವು ಬಿಲ್ಲೆಗಳ ಮೇಲೆ ಒಂದಕ್ಕಿಂತ ಹೆಚ್ಚು ಮುದ್ರೆ ಬಿದ್ದಿದೆ. ಒಬ್ಬನ ಮೇಲೆ ನಂಬಿಕೆ ಸಾಲದಿದ್ದರೆ ಇಬ್ಬರು ಒತ್ತಿರಬೇಕು.

ಹೀಗಾಗಿ ನನ್ನ ಮಟ್ಟಿಗೆ ಮುದ್ರೆಯ ಅರ್ಧ ಕತೆ ಅದರ ಬೆನ್ನಿನಲ್ಲಿ, ಇನ್ನರ್ಧ ಈ ಮಣ್ಣಿನ ಬೆನ್ನಿನಲ್ಲಿ ಇದೆ. ನಾವು ನೂರು ವರ್ಷದಿಂದ ಹೋರಿಯ ಮುಖ ನೋಡುತ್ತಾ ಕೂತಿದ್ದೇವೆ.

ಬಯಲುಸೀಮೆ ಬಸವ
ಒಪ್ಪಿದೆ. ಆದರೆ ಮುದ್ರೆ ಸಾವಿರಗಟ್ಟಲೆ ಸಿಕ್ಕಿದೆ, ಒತ್ತಿದ ಮಣ್ಣು ಯಾಕೆ ಅಷ್ಟು ಕಮ್ಮಿ? ದಿನಾ ಮೂಟೆ ಕಟ್ಟುತ್ತಿದ್ದರೆ ರಾಶಿ ರಾಶಿ ಸಿಗಬೇಕಿತ್ತಲ್ವಾ?

ಹಳೇ ಮೇಷ್ಟ್ರು
ಸರಿಯಾದ ಪ್ರಶ್ನೆ. ಸುಡದ ಮಣ್ಣು ಒಂದು ಮಳೆಗೆ ಕರಗಿ ಹೋಗುತ್ತದೆ. ಉಳಿಯಬೇಕಾದರೆ ಬೆಂಕಿಯೇ ಬೀಳಬೇಕು. ಸಿರಿಯಾದ ತೆಲ್ ಸಬಿ ಅಬ್ಯದ್‌ನಲ್ಲೂ ಹೀಗೇ. ಹರಪ್ಪಕ್ಕಿಂತ ಮೂರು ಸಾವಿರ ವರ್ಷಕ್ಕೂ ಹಳೆಯದು, ಸುಮಾರು ಕ್ರಿ.ಪೂ. 6000. ಅಲ್ಲಿ ಇಡೀ ಹಳ್ಳಿ ಸುಟ್ಟಿತ್ತು. ಮುದ್ರೆ ಒತ್ತಿದ ಸುಮಾರು 300 ಮಣ್ಣಿನ ತುಂಡು ಸಿಕ್ಕವು. ಬುಟ್ಟಿ, ಮಡಕೆಗಳ ಬಾಯಿ ಮುಚ್ಚಿದವು. ಆಗ ಬರಹವೇ ಹುಟ್ಟಿರಲಿಲ್ಲ. ಓದು ಬರುವುದಕ್ಕೆ ಎಷ್ಟೋ ಮೊದಲೇ ಜನ "ಇದು ನನ್ನದು, ಮುಟ್ಟಬೇಡ" ಅಂತ ಕಲ್ಲಿನಲ್ಲಿ ಒತ್ತುತ್ತಿದ್ದರು.

ಶಾಸನಪ್ರಿಯೆ
ಕೆಲಸ ಗೊತ್ತಾಯಿತು. ಆದರೆ ಪ್ರಾಣಿ ಯಾಕೆ ಬೇಕಿತ್ತು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಜಗಳ ಆಡಿ.

ನಮ್ಮ ತಾಮ್ರಶಾಸನಗಳ ಬಳೆಗೆ ಬೆಸೆದ ಮುದ್ರೆ ನೋಡಿ. ತಲಕಾಡಿನ ಗಂಗರದು ಆನೆ. ಬಾದಾಮಿ ಚಾಲುಕ್ಯರದು ವರಾಹ. ರಾಜ ಬದಲಾದರೂ ಲಾಂಛನ ಬದಲಾಗಲಿಲ್ಲ. ಆನೆ ಕಂಡರೆ ಓದು ಬಾರದವನಿಗೂ ಯಾವ ಮನೆತನದ್ದು ಅಂತ ಗೊತ್ತಾಗುತ್ತಿತ್ತು. ಯಾವ ರಾಜ, ಯಾರಿಗೆ ಕೊಟ್ಟ ಅನ್ನುವುದು ಬರಹದಲ್ಲಿ. ಸಿಂಧೂ ಮುದ್ರೆಯಲ್ಲೂ ಇದೇ ನಡೆ ಕಾಣುತ್ತದೆ. ಅದೇ ಒಂಟಿಕೊಂಬು ಸಾವಿರಕ್ಕೂ ಹೆಚ್ಚು ಸಲ ಬರುತ್ತದೆ, ಮೇಲಿನ ಅಕ್ಷರ ಮಾತ್ರ ಮುದ್ರೆಯಿಂದ ಮುದ್ರೆಗೆ ಬೇರೆ. ಪ್ರಾಣಿ ಗುಂಪಿನ ಗುರುತು, ಅಕ್ಷರ ಆಸಾಮಿಯ ಗುರುತು. ಗುಂಪು ಅಂದರೆ ಕುಲವೋ, ವ್ಯಾಪಾರಿಗಳ ಕೂಟವೋ, ಅಧಿಕಾರದ ಮೆಟ್ಟಿಲೋ, ಅಲ್ಲಿ ವಾದ ಮಾಡಬಹುದು. ಗಂಗರು ಹರಪ್ಪದಿಂದ ಕಲಿತರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆದು ಹಂಚಬೇಡಿ!

ಇದಕ್ಕೆ ಬಲ ಕೊಡುವ ಒಂದು ವಸ್ತು ಮೊಹೆಂಜೊದಾರೊದಲ್ಲಿ ಸಿಕ್ಕಿದೆ. ಸಣ್ಣ ಮಣ್ಣಿನ ಫಲಕ. ಅದರಲ್ಲಿ ಜನ ಸಾಲಾಗಿ ಹೋಗುತ್ತಿದ್ದಾರೆ. ಒಬ್ಬನ ಕೈಯಲ್ಲಿ ಕೋಲಿನ ಮೇಲೆ ಪ್ರಾಣಿಯ ಗೊಂಬೆ, ಇನ್ನೊಬ್ಬನ ಕೈಯಲ್ಲಿ ಮುದ್ರೆಯಲ್ಲಿ ಕಾಣುವ ಅದೇ ಕಂಬ. ಬಾವುಟದ ಹಾಗೆ ಎತ್ತಿ ಹಿಡಿದಿದ್ದಾರೆ.

ಅಡಿಗರ ಮನೆ
ನೀವೆಲ್ಲ ಲೆಕ್ಕಪತ್ರದ ಕಡೆಗೇ ಎಳೆಯುತ್ತಿದ್ದೀರಿ. ಆ ಕಂಬವನ್ನೇ ನೋಡಿ. ಮೇಲೆ ಜಾಲರಿಯಂಥದ್ದು, ಕೆಳಗೆ ಬಟ್ಟಲು. ಸಿಂಧೂ ಲಿಪಿಯ ವಿದ್ವಾಂಸ ಐರಾವತಂ ಮಹಾದೇವನ್ ಅವರು ಅದನ್ನು ಸೋಮರಸ ಸೋಸುವ ಸಾಧನ ಅಂದಿದ್ದರು. ಹರಪ್ಪದಲ್ಲಿ ದಂತದಲ್ಲಿ ಕೆತ್ತಿದ ಅದರ ಪುಟ್ಟ ಮಾದರಿಯೂ ಸಿಕ್ಕಿದೆ. ಪಶುಪತಿ ಮುದ್ರೆ ಇದೆಯಲ್ಲ! ಕೊಂಬಿನ ಕಿರೀಟ ಇಟ್ಟು ಕೂತವನ ಸುತ್ತ ಆನೆ, ಹುಲಿ, ಖಡ್ಗಮೃಗ, ಕೋಣ. ಪೀಠದ ಕೆಳಗೆ ಜಿಂಕೆ. ಇದು ದೇವರಲ್ಲದೆ ಮತ್ತೇನು?

ಹಳೇ ಮೇಷ್ಟ್ರು
ಅಡಿಗರೇ, ದೇವರ ಚಿತ್ರ ಇದ್ದರೆ ಲೆಕ್ಕಕ್ಕೆ ಬಳಸಬಾರದು ಅಂತೇನಿಲ್ಲವಲ್ಲ. ದೇವರ ಮುಂದೆ ಇಟ್ಟ ಆಣೆಯಂತೆ ಆ ಚಿತ್ರವೇ ಮೂಟೆಯನ್ನು ಕಾಯಬಹುದು. ಎರಡಕ್ಕೂ ಜಾಗ ಇದೆ.

ಪಶುಪತಿ ಮುದ್ರೆ 1928–29ರಲ್ಲಿ ಸಿಕ್ಕಿತು. ಅಳತೆ 3.5 ಸೆಂ.ಮೀ. ಚಿಲ್ಲರೆ ಅಷ್ಟೆ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಶಿವನ ಪೂರ್ವರೂಪ ಅಂದವರು ಮಾರ್ಷಲ್. ಡೋರಿಸ್ ಶ್ರೀನಿವಾಸನ್ ಎಂಬ ವಿದುಷಿ ಅದನ್ನು ಒಪ್ಪಲಿಲ್ಲ. ಆ ಮುಖ ಕೋಣದ್ದು ಅಂದರು. ಅದು ಯೋಗದ ಆಸನ ಹೌದೋ ಅಲ್ಲವೋ ಅಂತಲೂ ವಾದ ಇದೆ. ನನಗೆ ಅನಿಸುವುದು ಇಷ್ಟು: ಸಾವಿರಾರು ಮುದ್ರೆಗಳಲ್ಲಿ ಇಂಥ ಚಿತ್ರ ಬೆರಳೆಣಿಕೆ. ಅಪರೂಪದ ಒಂದನ್ನು ಹಿಡಿದು ಉಳಿದವನ್ನು ಓದಿದರೆ ದಾರಿ ತಪ್ಪುತ್ತದೆ.

ಕನ್ನಡವೇ ಮೂಲ
ಇಷ್ಟೆಲ್ಲಾ ಯಾಕೆ? ಆ ಲಿಪಿ ಹಳಗನ್ನಡ ಅಂತ ಒಪ್ಪಿಕೊಂಡರೆ ಎಲ್ಲಾ ಬಗೆಹರಿಯುತ್ತದೆ. ನಾನು ಹನ್ನೆರಡು ಮುದ್ರೆ ಓದಿ ಇಟ್ಟಿದ್ದೇನೆ.

ನಿರ್ವಾಹಕ
ಓದಿದ್ದನ್ನು ಚೆನ್ನೈಗೆ ಕಳಿಸಿ. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದ್ದಾರೆ. ಬಂದರೆ ವೇದಿಕೆಯ ಸರ್ವರ್ ಖರ್ಚಿಗೆ ಸ್ವಲ್ಪ ಕೊಡಿ. ತಮಾಷೆ ಬಿಡಿ, ಮಹಾದೇವನ್ 1977ರಲ್ಲಿ ಪಟ್ಟಿ ಮಾಡಿದ್ದು 417 ಚಿಹ್ನೆ. ಒಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆ. ಎರಡು ಭಾಷೆಯಲ್ಲಿ ಬರೆದ ಕಲ್ಲು ಒಂದೂ ಸಿಕ್ಕಿಲ್ಲ. ಮೇಲೆ ಹೇಳಿದ ಎಸ್.ಆರ್. ರಾವ್ ಅವರೇ ಓದಿದ್ದೇನೆ ಅಂದರು, ವಿದ್ವಾಂಸರು ಹೆಚ್ಚಿನವರು ಒಪ್ಪಲಿಲ್ಲ. ಅದು ಭಾಷೆಯ ಬರಹವೇ ಅಲ್ಲ ಅಂತ 2004ರಲ್ಲಿ ಮೂವರು ವಾದಿಸಿದರು, ಅದನ್ನೂ ಬಹಳ ಜನ ಒಪ್ಪಲಿಲ್ಲ. ಲಿಪಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ತುಂಗೆದಡ
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮಗಳಿಗೆ ಲೋಥಲ್ ಬೆಂಕಿಯ ಕತೆ ಹೇಳಿದೆ. ಈಗ ಅವಳಿಗೆ ಮುದ್ರೆ ಬೇಕಂತೆ. ಆನ್‌ಲೈನ್‌ನಲ್ಲಿ ಒಬ್ಬರು "ಅಸಲಿ ಹರಪ್ಪ ಮುದ್ರೆ, ಅಜ್ಜನ ಕಾಲದಿಂದ ಮನೆಯಲ್ಲಿದೆ" ಅಂತ ಹಾಕಿದ್ದಾರೆ. ಅದರ ಫೋಟೊ ಇಲ್ಲಿ ಹಾಕಿದ್ದೇನೆ. ನಂಬಬಹುದಾ?

ಶಾಸನಪ್ರಿಯೆ
ಬೇಡವೇ ಬೇಡ. ಅಸಲಿಯಾಗಿದ್ದರೆ ಕಾನೂನಿನ ತೊಂದರೆ, ನಕಲಿಯಾಗಿದ್ದರೆ ದುಡ್ಡು ಹೋಯಿತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಇಂಥ ವಸ್ತು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ದೇಶದ ಹೊರಗೆ ಕಳಿಸುವಂತಿಲ್ಲ. ನೀವು ಹಾಕಿದ ಫೋಟೊದಲ್ಲಿ ಬೆನ್ನಿನ ಗುಬುಟು ಎಲ್ಲಿದೆ? ತೋರಿಸಿಲ್ಲ. ಅಕ್ಷರಗಳೂ ಅಚ್ಚಿನಲ್ಲಿ ಕಾಣುವ ದಿಕ್ಕಿನಲ್ಲೇ ಇವೆ. ಮಾಡಿದವನು ಪುಸ್ತಕದ ಚಿತ್ರ ನೋಡಿ ಹಾಗೇ ಕೆತ್ತಿದ್ದಾನೆ. ಅಸಲಿ ಕಲ್ಲಿನಲ್ಲಿ ಪ್ರಾಣಿ ಸಾಮಾನ್ಯವಾಗಿ ಎಡಕ್ಕೆ ಮುಖ ಮಾಡಿರುತ್ತದೆ, ಒತ್ತಿದಾಗ ಬಲಕ್ಕೆ ಬರುತ್ತದೆ. ಇದು ಆಗಲೇ ಬಲಕ್ಕಿದೆ.

ಚಾಣ ಮತ್ತು ಸುತ್ತಿಗೆ
ದುಡ್ಡು ಯಾಕೆ ಹಾಳು ಮಾಡುತ್ತೀರಿ? ಮಗುವಿನ ಕೈಯಲ್ಲೇ ಮಾಡಿಸಿ. ಬಟ್ಟೆ ಒಗೆಯುವ ಬಾರ್ ಸೋಪು ಚೌಕವಾಗಿ ಕೊಯ್ಯಿರಿ. ದಪ್ಪ ಬಿಡಿ, ಹಿಂದೆ ಗುಬುಟಿಗೆ ಜಾಗ ಬೇಕು. ಮೊದಲು ಗುಬುಟು ಮಾಡಿ ತೂತು ಹಾಕಲಿ, ಅದು ಮುರಿದರೆ ಮುಂದಿನ ಕೆಲಸ ದಂಡ. ಪ್ರಾಣಿಯನ್ನು ಕಾಗದದ ಮೇಲೆ ಬಿಡಿಸಿ, ಕಾಗದ ಮಗುಚಿ ಬೆಳಕಿಗೆ ಹಿಡಿದು ಅದನ್ನೇ ಸೋಪಿನ ಮೇಲೆ ಗುರುತು ಮಾಡಲಿ. ಹೊಟ್ಟೆ ಆಳ, ಕಾಲು ತೆಳು. ಒಂದು ಪುಟ್ಟ ಗಂಟು ಕಟ್ಟಿ, ಅದರ ಮೇಲೆ ಜೇಡಿಮಣ್ಣು ಮೆತ್ತಿ ಒತ್ತಿಸಿ. ಸೋಪಿಗೆ ಮೊದಲು ಒಂದು ತೊಟ್ಟು ಎಣ್ಣೆ ಸವರಿ, ಇಲ್ಲಾಂದರೆ ಮಣ್ಣು ಅಂಟಿಕೊಂಡು ಕಾಲೆಲ್ಲ ಕಿತ್ತು ಬರುತ್ತದೆ.